ಸುಲೋಚನ ಓಡಿಹೋದದ್ದು ಎರಡು ಕೊಡಿ

ನಾನು ಆ ಊರಿಗೆ ಸೊಸೆಯಾಗಿ ಹೋದ ಹೊಸತರಲ್ಲೇ ಕುಕ್ಕರಿನ ರಬ್ಬರು ಹರಿಯಿತು. ಹರಿದರೆ ಹರಿಯಲಿ, ಯಾರ ಮನೆಯಲ್ಲೂ ಹರಿಯದ್ದು ನಮ್ಮ ಮನೆಯಲ್ಲೇನೂ ಹರಿದಿಲ್ಲವಲ್ಲ ಎಂದುಕೊಂಡು ಕೈಚೀಲ ಹಿಡಿದು ಬಾಬಾಜಾನ್ ಸಾಹೇಬರ ಅಂಗಡಿಗೆ ಹೋದೆ. ಬಿಡಿಭಾಗಗಳ ಅಂಗಡಿ ಊರಿಗೆಲ್ಲ ಅದೊಂದೇ. ಸೈಕಲ್ಲಿನದು, ಪಂಪಿನದು, ಹೊಲಿಗೆ ಮಿಷನ್ನಿನದು, ನಲ್ಲಿಯದು, ಎಲ್ಲವೂ ಅಲ್ಲೇ ಸಿಗಬೇಕು. "ಕುಕ್ಕರಿಗೆ ರಬ್ಬರು ಬೇಕಿತ್ತು," ಎಂದೆ. ಸಾಹೇಬರು ಕನ್ನಡಕವನ್ನು ಹಣೆಗೇರಿಸಿ "ಹಾಗಂದ್ರೆ?" ಎಂದರು. "ಗ್ಯಾಸ್ಕೆಟ್," ಎಂದೆ. ಅವರ ಮುಖ ಇನ್ನಷ್ಟು ಗಂಟಾಯಿತು. ಅವರ ಬೆನ್ನ ಹಿಂದೆಯೇ, ಮೊಳೆಯೊಂದಕ್ಕೆ, ಯಾರೋ ರಾಕ್ಷಸಿಯ ಕರಿಬಳೆಗಳ ಹಾಗೆ ರಬ್ಬರುಗಳ ಗೊಂಚಲು ತೂಗುತ್ತಿತ್ತು. ಬೆರಳು ಮಾಡಿ ತೋರಿಸಿದೆ. ಸಾಹೇಬರು ತಿರುಗಿ ಆ ಗೊಂಚಲನ್ನೇ ನೆಟ್ಟಗೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, "ಅಲ್ಲೇನೂ ಇಲ್ವಲ್ಲಮ್ಮ," ಎಂದರು. ನಾಟಕವಾಡುವ ಮುಖ ಅದಲ್ಲ. ನಿಜವಾಗಿಯೂ ಅವರಿಗೆ ಅಲ್ಲಿ ಬರೀ ಗೋಡೆ ಕಾಣುತ್ತಿತ್ತು. ನನ್ನ ಹಿಂದೆ ನಿಂತಿದ್ದ ದಪ್ಪನೆಯ ಹೆಂಗಸೊಬ್ಬಳು, ಸಾಕಮ್ಮ ಅಂತ, ಗುಡ್ಡದ ಮೇಲಿನೂರಿನವಳು, ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ, "ಚೆಲುವನ ಹೆಂಡ್ತಿ, ಪಾಪ, ಹೊಸಬಳು. ಒಂದು ತಾಯಮ್ಮನ ಮುನಿಸು ಕೊಡಿ ಸಾಹೇಬ್ರೇ," ಎಂದಳು. ಆಕೆ ಬಾಯಿ ಮುಚ್ಚುವುದರೊಳಗೆ ಸಾಹೇಬರ ಕೈ ಗೊಂಚಲಿಗೆ ಹೋಗಿ ಒಂದು ಬಳೆ ಕಿತ್ತು ನನ್ನ ಮುಂದೆ ಇಟ್ಟಿತ್ತು.

ಮನೆಗೆ ಬಂದು ಗಂಡನನ್ನು ಕೇಳಿದೆ. ಚೆಲುವರಾಜು ಮಾತು ಕಡಿಮೆಯ ಆಳು. "ತಾಯಮ್ಮ ಒಂದಿನ ಓರಗಿತ್ತಿ ಮೇಲೆ ಮುನಿಸ್ಕೊಂಡು ಒಲೆ ಮುಂದೆ ಕೂತಿದ್ಲಂತೆ. ಕುಕ್ಕರ್ ಕೂಗಿದ್ದೇ ಕೇಳಿಸ್ಲಿಲ್ಲ. ರಬ್ಬರು ಹರಿದು ಬೇಳೆಯೆಲ್ಲ ಸೂರಿಗೆ ಹತ್ತಿತು," ಎಂದ. "ಅದಕ್ಕೆ?" ಎಂದೆ. "ಅದಕ್ಕೇ ಅದು ತಾಯಮ್ಮನ ಮುನಿಸು." "ಅದಕ್ಕೆ ಮುಂಚೆ ಏನಂತಿದ್ರು ಅದನ್ನ?" ಅವನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ತುತ್ತು ಕೈಯಲ್ಲೇ ಹಿಡಿದುಕೊಂಡು, "ಅದಕ್ಕೆ ಮುಂಚೆ ಅದು ಹರಿದಿರ್ಲಿಲ್ವಲ್ಲ," ಎಂದ.

ಹೀಗೆ ಒಂದೊಂದೇ ಎಡವುತ್ತಾ ಕಲಿತೆ. ಆ ಊರಿನಲ್ಲಿ ಮುರಿಯದ ವಸ್ತುವಿಗೆ ಹೆಸರಿಲ್ಲ. ಮೊದಲ ಸಲ ಮುರಿದಾಗ ಏನು ನಡೆದಿತ್ತೋ ಅದೇ ಹೆಸರು. ಆ ಹೆಸರನ್ನು ಕೂತು ಇಡುವ ಪಂಚಾಯ್ತಿಯಿಲ್ಲ, ಪೂಜೆಯಿಲ್ಲ. ಬದಲಿ ಕೊಳ್ಳಲು ಎಲ್ಲರಿಗಿಂತ ಮುಂಚೆ ಅಂಗಡಿಗೆ ಹೋದವರು ಬಾಯಿಬಿಟ್ಟು ಏನೆಂದು ಕೇಳುತ್ತಾರೋ ಅದು ನಿಂತಿತು. ಆಮೇಲೆ ಬ್ರಹ್ಮನೇ ಇಳಿದು ಬಂದರೂ ಅಲ್ಲಾಡದು. ಸರಿಯೋ ತಪ್ಪೋ ಯಾರೂ ಕೇಳುವುದಿಲ್ಲ. ಕೇಳುವವರ ದನಿ ಮಾತ್ರ ನಡುಗಬಾರದು, ನಡುಗಿದರೆ ಸಾಹೇಬರ ಕಣ್ಣಿಗೆ ಸಾಮಾನು ಕಾಣುವುದಿಲ್ಲ. ಇನ್ನೊಂದು ಕಟ್ಟು: ಮುರಿದ ಗಳಿಗೆಯಲ್ಲಿ ಆ ಯಂತ್ರವನ್ನು ಮುಟ್ಟಿಕೊಂಡಿದ್ದವರು, ನಡೆಸುತ್ತಿದ್ದವರು ಹೋಗಿ ಕೇಳುವ ಹಾಗಿಲ್ಲ. ತಾಯಮ್ಮನಿಗೆ ಅವತ್ತು ಆ ಹಕ್ಕಿರಲಿಲ್ಲ, ಓರಗಿತ್ತಿಗೆ ಇತ್ತು. ಇಬ್ಬರಿಗೂ ಈಗಲೂ ಮಾತಿಲ್ಲ. ತಾಯಮ್ಮ ಪಾಪ, ಒಮ್ಮೆ ನನ್ನೆದುರೇ ಅತ್ತಳು: "ನಾನು ಆಮೇಲೆ ಒಂದ್ಸಲನೂ ಮುನಿಸ್ಕೊಂಡಿಲ್ಲ ಕಣಮ್ಮ. ಮುಖ ಗಂಟಿಕ್ಕಿದ್ರೆ ಸಾಕು, ಎಲ್ಲಾದ್ರೂ ರಬ್ಬರು ಹರೀತಾ ನೋಡ್ರೋ ಅಂತಾರೆ."

ಬೀದಿಯಲ್ಲಿ ನಡೆಯುವಾಗ ನನಗೆ ತಲೆ ಸುತ್ತುತ್ತಿತ್ತು. ಫ್ಯಾನಿನ ವೇಗ ತಿರುವುವ ಗುಂಡಿಗೆ ಅಳಿಯ ಬೆವೆತದ್ದು ಎನ್ನುತ್ತಿದ್ದರು. ಛತ್ರಿಯ ಸ್ಪ್ರಿಂಗಿಗೆ ಗೌಡರ ಹುಬ್ಬು. ಟಾರ್ಚಿನ ಸ್ವಿಚ್ಚಿಗೆ ಹಾವಲ್ಲ ಹಗ್ಗ. ಇಬ್ಬರು ಗಂಡಸರು ಗಂಭೀರವಾಗಿ, "ಅಳಿಯ ಬೆವೆತದ್ದು ಸಡಿಲ ಆಗಿದೆ, ಗೌಡರ ಹುಬ್ಬಿಗೆ ಎಣ್ಣೆ ಬಿಡು," ಎಂದು ಮಾತಾಡಿಕೊಳ್ಳುವಾಗ ನಗಬೇಕೋ ಓಡಬೇಕೋ ತಿಳಿಯದೆ ನಿಲ್ಲುತ್ತಿದ್ದೆ. ಅದಕ್ಕಿಂತ ಹೆದರಿಕೆಯಾದದ್ದು ಬೇರೆ. ತವರಿನಿಂದ ತಂದ ಮಾತುಗಳು ನನ್ನ ಬಾಯಿಂದಲೇ ಸವೆದುಹೋಗತೊಡಗಿದ್ದವು. ನಲ್ಲಿ ಸೋರುವಾಗ ಒಳಗೆ ಹಾಕುವ ಆ ಬಿಲ್ಲೆಗೆ ನಮ್ಮಮ್ಮ ಏನೆನ್ನುತ್ತಿದ್ದಳು ಎಂದು ಒಂದು ಇಡೀ ಬೆಳಿಗ್ಗೆ ನೆನಪು ಮಾಡಿಕೊಂಡೆ, ಬರಲಿಲ್ಲ.

ಚೆಲುವರಾಜು ಒಂದನ್ನು ಮಾತ್ರ ಎಂದೂ ಕೊಳ್ಳುತ್ತಿರಲಿಲ್ಲ. ನೀರಿನ ಟ್ಯಾಂಕು ತುಂಬಿದಾಗ ಮೇಲೆದ್ದು ನೀರು ನಿಲ್ಲಿಸುವ ಚೆಂಡಿರುತ್ತದಲ್ಲ, ಅದು. ನಮ್ಮ ಮನೆಯ ಟ್ಯಾಂಕು ದಿನಾ ತುಂಬಿ ಚೆಲ್ಲಿ, ಗೋಡೆಯ ಮೇಲೆ ಪಾಚಿ ಬೆಳೆದು, ಹಿತ್ತಲೆಲ್ಲ ಕೆಸರು. ಹಾಕಿಸೋಣವೆಂದರೆ ಎದ್ದು ಹೋಗುತ್ತಿದ್ದ. ಆ ಚೆಂಡಿಗೆ ಊರಿನಲ್ಲಿ ಜವರಯ್ಯನ ಸುಳ್ಳು ಎಂದು ಹೆಸರು. ಜವರಯ್ಯ ನನ್ನ ಮಾವ. ಯಾವ ಸುಳ್ಳು, ಯಾರಿಗೆ ಹೇಳಿದ ಸುಳ್ಳು, ಊರಿನಲ್ಲಿ ಒಬ್ಬರಿಗೂ ನೆನಪಿಲ್ಲ. ಚೆಂಡು ಉಳಿಯಿತು, ಸುಳ್ಳು ಮರೆತುಹೋಯಿತು. ಮಾವ ಮಾತ್ರ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು, ಆಮೇಲೆ ಬೀದಿಗೆ ಬರುವುದನ್ನು ಬಿಟ್ಟು, ಕೊನೆಗೆ ಜಗಲಿಯನ್ನೂ ಬಿಟ್ಟು ಒಳಕೋಣೆಯಲ್ಲೇ ಸತ್ತರಂತೆ. ಶಾಲೆಯಲ್ಲಿ ಚೆಲುವರಾಜು ನಿಜ ಹೇಳಿದಾಗಲೂ ಹುಡುಗರು ನೀರು ಗುಳುಗುಳು ಎನ್ನುವ ಸದ್ದು ಮಾಡುತ್ತಿದ್ದರಂತೆ.

ಸುಲೋಚನಕ್ಕನನ್ನು ನಾನು ನೋಡುವುದಕ್ಕಿಂತ ಮೊದಲೇ ಕೊಂಡಿದ್ದೆ. ಸೈಕಲ್ಲಿನ ಪೆಡಲು ಕಳಚದ ಹಾಗೆ ಬಿಗಿಹಿಡಿಯುವ ಸಣ್ಣ ಪಿನ್ನು, ಎರಡು ಬದಿಗೆ ಎರಡು. "ಬರ್ತಾ ಸುಲೋಚನ ಓಡಿಹೋದದ್ದು ಎರಡು ತಗೊಂಡ್ಬಾ," ಎಂದಿದ್ದ ಗಂಡ. ಅಂಗಡಿಯಲ್ಲಿ ಕೇಳಿದೆ, ಕೊಟ್ಟರು. ಹಿಂದಿನಿಂದ ಒಂದು ದನಿ, "ನನಗೂ ಅದೇ ಸಾಹೇಬ್ರೇ, ಎರಡು. ಹೋದ್ಸಲದ್ದು ಬಹಳ ಬೇಗ ಓಡಿಹೋಯ್ತು," ಎಂದಿತು. ತಿರುಗಿದರೆ ಕೂದಲು ಅರ್ಧ ನರೆತ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು. ನನ್ನ ಕೈಯಲ್ಲಿದ್ದ ಪಿನ್ನುಗಳನ್ನು ನೋಡಿ, "ನಾನೇ ಸುಲೋಚನ," ಎಂದಳು, ಯಾವುದೋ ಮದುವೆಮನೆಯಲ್ಲಿ ಪರಿಚಯ ಹೇಳಿಕೊಂಡಂತೆ.

ತೊಟ್ಟಿಲಿನ ಬುಡದಲ್ಲಿ ಅವಳ ಕಾಫಿ ಕ್ಲಬ್ಬು. ತೊಟ್ಟಿಲೆಂದರೆ, ಆ ಊರು ಎರಡು ಪಾಲು, ಗುಡ್ಡದ ನೆತ್ತಿಯ ಮೇಲೊಂದು, ಗುಡ್ಡದ ಬುಡದಲ್ಲೊಂದು. ಶಾಲೆ, ಆಸ್ಪತ್ರೆ, ಅಂಚೆ ಮೇಲೆ. ಸಂತೆ, ಗಿರಣಿ, ಸಾಹೇಬರ ಅಂಗಡಿ ಕೆಳಗೆ. ನಡುವೆ ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಏರಿಳಿಯುವ ತಗಡಿನ ಡಬ್ಬಿಯೇ ತೊಟ್ಟಿಲು. ಮೆಟ್ಟಿಲುಗಳೂ ಇದ್ದವು, ಆದರೆ ಹತ್ತಿ ಮೇಲೆ ಹೋದವರಿಗೆ ಯಾತಕ್ಕೆ ಬಂದೆವೆಂಬುದು ಮರೆತುಹೋಗುವಷ್ಟು. ಚೆಲುವರಾಜು ಕೆಳಗಿನ ಗೂಡಿನಲ್ಲಿ ಕೂತು, ಉದ್ದನೆಯ ಹಿಡಿಕೆ ಹಿಡಿದು ತೊಟ್ಟಿಲು ನಡೆಸುತ್ತಿದ್ದ. ಅವನಿಗೆ ಬುತ್ತಿ ಕೊಟ್ಟು ಬರುವಾಗ ನಾನು ಸುಲೋಚನಕ್ಕನ ಕ್ಲಬ್ಬಿನಲ್ಲಿ ಕೂರುತ್ತಿದ್ದೆ. ಅವಳ ಕಥೆಯನ್ನು ಅವಳು ಹೇಳಲಿಲ್ಲ, ಊರು ಹೇಳಿತು. ನಿಶ್ಚಿತಾರ್ಥದ ದಿನ, ಎಲ್ಲರೂ ತಾಂಬೂಲದ ತಟ್ಟೆ ಹಿಡಿದು ಕೂತಿದ್ದಾಗ, ಅಣ್ಣನ ಸೈಕಲ್ ಹತ್ತಿ ಓಡಿಹೋದವಳು. ಊರ ಗಡಿಯಲ್ಲಿ ಪಿನ್ನು ಮುರಿದು ಪೆಡಲು ಕಳಚಿತು. ಸೈಕಲ್ಲನ್ನು ಬೇಲಿಗೆ ಒರಗಿಸಿ ನಡೆದುಕೊಂಡೇ ಹೋದಳು. ಎಷ್ಟೋ ವರ್ಷದ ಮೇಲೆ ಒಬ್ಬಳೇ ಬಂದು, ಯಾರಿಗೂ ಏನೂ ಹೇಳದೆ, ಕಾಫಿ ಕಾಸಲು ಕೂತಳು. ಅವಳು ಬಿಟ್ಟುಹೋದ ಗಂಡು ಪುಟ್ಟಮಾದಪ್ಪ ಮೇಷ್ಟ್ರು ಮೇಲಿನೂರಿನಲ್ಲಿದ್ದರು. ಬೇರೆ ಮದುವೆಯಾಗಿ, ಹೆಂಡತಿಯನ್ನು ಕಳೆದುಕೊಂಡು, ಈಗ ನಿವೃತ್ತರು. ಊರಿಗೆ ಇವತ್ತಿಗೂ ಅವರು "ಅಯ್ಯೋ ಪಾಪ ಮೇಷ್ಟ್ರು". ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸುಲೋಚನಕ್ಕನಿಗೆ ಓಡಿಹೋದದ್ದು ಎಂಬ ಹೆಸರು ಅಭ್ಯಾಸವಾಗಿಬಿಟ್ಟಿತ್ತು. "ನನ್ನ ಹೆಸರಿನ ಜೊತೆ ಬೇರೇನೂ ಇಲ್ಲ ಈ ಊರಲ್ಲಿ. ಬಂದು ಇಷ್ಟು ವರ್ಷ ಆಯ್ತು, ಸುಲೋಚನ ಬಂದದ್ದು ಅಂತ ಒಂದು ಮೊಳೆ ಕೂಡ ಇಲ್ಲ ನೋಡು," ಎನ್ನುತ್ತಿದ್ದಳು, ಲೋಟ ತೊಳೆಯುತ್ತಾ. ನಾನು ಅದನ್ನು ತಮಾಷೆ ಎಂದುಕೊಂಡೆ.

ಆ ದಿನ ನಾನು ಬಸ್ಸಾರು ಮಾಡಿದ್ದೆ. ಹುರುಳಿಕಾಳು, ದಂಟಿನ ಸೊಪ್ಪು, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ. ಮುದ್ದೆ, ಪಲ್ಯ, ಸಾರು ಕ್ಯಾರಿಯರಿಗೆ ತುಂಬಿ, ಗೂಡಿನ ಕಿಟಕಿಯಿಂದ ಕೊಟ್ಟು, ಎದುರಿನ ಹೊಂಗೆಮರದ ಕಟ್ಟೆಯ ಮೇಲೆ ಕೂತೆ. ತೊಟ್ಟಿಲು ಆಗಷ್ಟೇ ಮೇಲಕ್ಕೆ ಹೊರಟಿತ್ತು. ಒಳಗೆ ಸುಲೋಚನಕ್ಕ ಇದ್ದಳು, ಆಸ್ಪತ್ರೆಯವರಿಗೆ ಕಾಫಿಪುಡಿ ಕೊಡಲು ಹೊರಟವಳು. ಬಾಗಿಲು ಮುಚ್ಚುವ ಹೊತ್ತಿಗೆ ಓಡಿಬಂದು ಹತ್ತಿದವರು, ಯಾರು ಕೂತಿದ್ದಾರೆಂದು ನೋಡದೆ, ಪುಟ್ಟಮಾದಪ್ಪ ಮೇಷ್ಟ್ರು. ಚೆಲುವರಾಜು ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದರಲ್ಲಿ ಮುದ್ದೆ ಮುರಿಯುತ್ತಾ ತಲೆ ತಗ್ಗಿಸಿದ್ದ. ಎಲ್ಲಿಂದಲೋ ಹಲ್ಲು ಕಡಿದಂಥ ಸದ್ದು ಬಂತು. ಆಮೇಲೆ ಟಣ್ಣೆಂದು ಏನೋ ಕಲ್ಲಿನ ಮೇಲೆ ಬಿತ್ತು. ತೊಟ್ಟಿಲು ಆಕಾಶದ ನಡುವೆ ನಿಂತುಬಿಟ್ಟಿತು.

ಬಿದ್ದದ್ದು ಅಂಗೈಯಗಲದ ಕಬ್ಬಿಣದ ತುಂಡು, ಹೋಳಾದ ಬಿಲ್ಲೆಯ ಹಾಗೆ. ಹಗ್ಗ ಜಾರದಂತೆ ಚಕ್ರದ ಪಕ್ಕದಲ್ಲಿ ಹಿಡಿದು ನಿಲ್ಲಿಸುವುದು. ತೊಟ್ಟಿಲು ಹುಟ್ಟಿದಂದಿನಿಂದ ಅದು ಮುರಿದಿರಲಿಲ್ಲ, ಅದಕ್ಕೇ ಅದಕ್ಕೆ ಹೆಸರಿರಲಿಲ್ಲ, ಅದಕ್ಕೇ ಯಾರೂ ಅದನ್ನು ಗಮನಿಸಿರಲಿಲ್ಲ. ಗಂಡಸರೆಲ್ಲ ಸೇರಿ ಚಕ್ರವನ್ನು ಕೈಯಲ್ಲೇ ತಿರುಗಿಸಿ ತೊಟ್ಟಿಲನ್ನು ಇಂಚಿಂಚೇ ಇಳಿಸುವಷ್ಟರಲ್ಲಿ ಬಿಸಿಲು ಬಾಡಿತ್ತು. ಮೇಲಿನವರು ಬಗ್ಗಿ, ಕೆಳಗಿನವರು ತಲೆಯೆತ್ತಿ, ಇಡೀ ಊರು ಆ ಡಬ್ಬಿಯನ್ನೇ ನೋಡುತ್ತಿತ್ತು. ಬಹಳ ಹೊತ್ತು ಒಳಗಿಂದ ಏನೂ ಕೇಳಿಸಲಿಲ್ಲ. ಆಮೇಲೆ ನಗು. ಮೊದಲು ಹೆಂಗಸಿನದು, ತಡೆಯಲು ನೋಡಿ ತಡೆಯಲಾರದೆ ಸೀಳಿಬಂದ ನಗು. ಅದರ ಹಿಂದೆ ಗಂಡಸಿನದು, ಕೆಮ್ಮುತ್ತಾ. ಇಳಿದಾಗ ಮೇಷ್ಟ್ರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಯಾರನ್ನೂ ನೋಡದೆ ಮೆಟ್ಟಿಲು ಹತ್ತಿಹೋದರು. ಸುಲೋಚನಕ್ಕ ಕ್ಲಬ್ಬಿಗೆ ಹೋಗಿ ಒಲೆ ಹಚ್ಚಿದಳು. ಒಳಗೆ ಏನಾಯಿತೆಂದು ಯಾರು ಕೇಳಿದರೂ "ಕಾಫಿ ಸ್ಟ್ರಾಂಗಾ ಲೈಟಾ?" ಎನ್ನುತ್ತಿದ್ದಳು.

ಮಾರನೆಯ ದಿನದಿಂದ ಊರು ಅಂಗಡಿಯ ಕಡೆ ಹೋಗುವುದನ್ನು ಬಿಟ್ಟಿತು. ಯಾರಾದರೂ ಹೋಗಿ ಕೇಳಬೇಕು, ಕೇಳಿದರೆ ತೊಟ್ಟಿಲು ಓಡುತ್ತದೆ. ಆದರೆ ಕೇಳಿದವರಿಗೆ ಹೆಸರಿನವರ ಮನೆಯ ಬಾಗಿಲು ಜನ್ಮಪೂರ್ತಿ ಮುಚ್ಚುತ್ತದೆ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾ ಕೂತರು. ಮಕ್ಕಳು ಮೆಟ್ಟಿಲು ಹತ್ತಿ ಶಾಲೆಗೆ ಹೋಗಿ ಬೆಂಚಿನ ಮೇಲೆ ಮಲಗುತ್ತಿದ್ದರು. ರೋಗಿಗಳನ್ನು ಕುರ್ಚಿಯಲ್ಲಿ ಹೊರುತ್ತಿದ್ದರು. ಆ ಹೊತ್ತಿಗೆ ಮೇಲಿನೂರಿನಿಂದ ಒಂದು ಮಾತು ಇಳಿದು ಬಂತು. ಸಾಕಮ್ಮ ತನ್ನ ಮನೆಯ ಕಿಟಕಿಯಿಂದ ಎಲ್ಲ ನೋಡಿದ್ದಳಂತೆ. ಚೆಲುವರಾಜು ತಲೆ ತಗ್ಗಿಸಿದ್ದು ನಿದ್ದೆಗಂತೆ. ಮಂಡಿಯ ಊತ ಇಳಿದ ದಿನ ತಾನೇ ಮೆಟ್ಟಿಲಿಳಿದು ಹೋಗಿ ಚೆಲುವರಾಜು ತೂಕಡಿಸಿದ್ದು ಒಂದು ಕೊಡಿ ಎಂದು ಕೇಳುತ್ತಾಳಂತೆ. "ನನಗ್ಯಾರ ಭಯ? ಯಾರ ಮನೆ ಊಟ ಇಲ್ದೇ ಸೊರಗಿದೀನಾ ನಾನು?" ಎಂದಳಂತೆ. ಅದನ್ನು ಹೇಳಿದವರೇ, "ಆಗ್ಲಿ ಬಿಡ್ರಪ್ಪ, ಒಟ್ನಲ್ಲಿ ತೊಟ್ಟಿಲು ಓಡ್ಬೇಕು," ಎಂದು ಸೇರಿಸಿದರು.

ಚೆಲುವರಾಜು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಅವನ ಬೆನ್ನು ನೋಡಿದರೆ ನಾನು ಕಾಣದ ಮಾವನ ಬೆನ್ನು ಹೀಗೇ ಇದ್ದಿರಬೇಕು ಅನ್ನಿಸುತ್ತಿತ್ತು. "ನಿಜ ಹೇಳು, ನಿದ್ದೆ ಬಂದಿತ್ತಾ?" ಎಂದೆ. "ಗೊತ್ತಿಲ್ಲ." "ನಿನ್ನ ಕಣ್ಣು ನಿನಗೆ ಗೊತ್ತಿಲ್ವಾ?" ಗೋಡೆಗೇ ಹೇಳಿದ: "ಮುದ್ದೆ ಮುರಿದು ಸಾರಲ್ಲಿ ಅದ್ದಿದೆ. ಬಾಯಿಗಿಟ್ಟೆ. ಆಮೇಲೆ ಸದ್ದು ಕೇಳಿಸ್ತು. ನಡುವೆ ಕಣ್ಣು ಮುಚ್ಚಿದ್ನೋ ಇಲ್ವೋ. ರುಚಿಗೂ ಕಣ್ಣು ಮುಚ್ಚುತ್ತೆ ಕಣೆ ಒಂದೊಂದ್ಸಲ." ಜಗಲಿಯ ಮುಂದೆ ಯಾರೋ ಹಾದುಹೋಗುತ್ತಾ, "ಏನಪ್ಪ ಚೆಲುವ, ಎಚ್ಚರ ಆಯ್ತಾ?" ಎಂದರು. ಅವನು ಹೊದಿಕೆ ಎಳೆದುಕೊಂಡ. ಇವನು ಇನ್ನು ಜಗಲಿಗೆ ಬರುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು.

ಸುಲೋಚನಕ್ಕನ ಹತ್ತಿರ ಹೋದೆ. ನಾನು ಯಂತ್ರ ಮುಟ್ಟಿರಲಿಲ್ಲ, ಕಟ್ಟೆಯ ಮೇಲೆ ಕೂತಿದ್ದೆ, ನನಗೆ ಹಕ್ಕಿತ್ತು. ಸಾಕಮ್ಮನಿಗಿಂತ ಮುಂಚೆ ಹೋಗಿ, ಸುಲೋಚನ ನಕ್ಕಿದ್ದು ಒಂದು ಕೊಡಿ ಎಂದರೆ ಮುಗಿಯಿತು. ಊರೆಲ್ಲ ಕೇಳಿದ ನಗು, ಯಾರೂ ಅಲ್ಲವೆನ್ನುವಂತಿರಲಿಲ್ಲ. ಗಂಡ ಉಳಿಯುತ್ತಿದ್ದ. ಆದರೆ ಈ ಹೆಂಗಸು ಒಂದನ್ನು ಹೊತ್ತುಕೊಂಡೇ ಕೂದಲು ನರೆಸಿಕೊಂಡಿದ್ದಾಳೆ. ಅವಳ ತಲೆಯ ಮೇಲೆ ಇನ್ನೊಂದನ್ನು ಹೇರುವುದೇ? ಅವಳು ಕಾಫಿ ತಂದಿಟ್ಟು, ಎಂದೂ ಇಲ್ಲದ ಹಾಗೆ ಎದುರಿಗೆ ಕೂತಳು. "ನನ್ನ ನಗು ಮೇಲಿನೂರಿಗೂ ಕೇಳಿಸ್ತಂತೆ, ಹೌದಾ?" ಎಂದಳು. "ಹೂಂ ಅಕ್ಕ." "ಎಲ್ರೂ ಅದನ್ನೇ ಮಾತಾಡ್ತಿದ್ದಾರಾ?" ಅವಳ ಬೆರಳು ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿತ್ತು. ಹೆದರಿದ್ದಾಳೆ ಎಂದುಕೊಂಡೆ. "ಇಲ್ಲಕ್ಕ, ನೀವು ಯೋಚ್ನೆ ಮಾಡ್ಬೇಡಿ. ಯಾರೂ ನಿಮ್ಮ ಸುದ್ದಿ ಎತ್ತಿಲ್ಲ," ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ನೀನು ಮುಟ್ಟಿರ್ಲಿಲ್ಲ ಅಲ್ವಾ, ತೊಟ್ಟಿಲನ್ನ. ನೀನು ಹೋಗ್ಬಹುದು," ಎಂದಳು. ಅದನ್ನೂ ನಾನು ಬೇಡಿಕೆಯೆಂದೇ ತಿಳಿದೆ: ದಯವಿಟ್ಟು ಹೋಗಬೇಡ, ನನ್ನ ಹೆಸರು ಎತ್ತಬೇಡ.

ಒಂದು ಬೆಳಿಗ್ಗೆ ಕುಡಿಯುವ ನೀರು ತರಲು ಹೊರಗೆ ಬಂದರೆ ಬೀದಿಯವರೆಲ್ಲ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದರು. ಮೆಟ್ಟಿಲುಗಳ ತುದಿಯಲ್ಲಿ ಒಂದು ಕರಿಛತ್ರಿ ಕಾಣಿಸಿತು. ಛತ್ರಿಯ ಕೆಳಗೆ ಸಾಕಮ್ಮ. ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ನಿಂತು, ಉಸಿರು ತೆಗೆದುಕೊಂಡು ಇನ್ನೊಂದಕ್ಕೆ ಇಳಿಯುತ್ತಿದ್ದಳು. ನಡುನಡುವೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಇಳಿಯುತ್ತಿರುವುದು ಯಾತಕ್ಕೆಂದು ಎಲ್ಲರಿಗೂ ಗೊತ್ತು. ಯಾರೂ ತಡೆಯಲಿಲ್ಲ, ಒಬ್ಬರು ಮೇಲೆ ಹತ್ತಿಹೋಗಿ ಕುಡಿಯಲು ಮಜ್ಜಿಗೆ ಕೂಡ ಕೊಟ್ಟು ಬಂದರು. ನಾನು ಕೊಡವನ್ನು ಅಲ್ಲೇ ಇಟ್ಟೆ. ಓಡಿದರೆ ಚೆನ್ನಾಗಿರುವುದಿಲ್ಲವೆಂದು ಮೊದಲು ನಡೆದೆ. ಆಮೇಲೆ ಓಡಿದೆ.

ಸಾಹೇಬರ ಅಂಗಡಿ ಖಾಲಿಯಿತ್ತು. ಅವರು ತಿರುಪುಗಳನ್ನು ಡಬ್ಬಿಗೆ ತುಂಬುತ್ತಿದ್ದವರು ತಲೆಯೆತ್ತಿದರು. "ಏನು ಬೇಕಮ್ಮ?" ಬಾಯಿ ತೆರೆದೆ. "ಸುಲೋಚನ..." ಎಂದೆ. ದನಿ ಹರಿದ ರಬ್ಬರಿನಂತೆ ಪಿಸ್ಸೆಂದಿತು. "ಓಡಿಹೋದದ್ದಾ? ಎಷ್ಟು?" ಎಂದರು. "ಅಲ್ಲ. ಸುಲೋಚನ ನಕ್ಕ... ನಕ್ಕಿದ್ದು." ಸಾಹೇಬರು ತಿರುಗಿ ಗೋಡೆಗಳನ್ನೆಲ್ಲ ನೋಡಿದರು, ಬಗ್ಗಿ ಮೇಜಿನ ಕೆಳಗೆ ನೋಡಿದರು, ಕುಂದಿದ ಮುಖದಿಂದ ತಿರುಗಿದರು. "ಕಾಣ್ಸಲ್ಲಮ್ಮ. ನಿಮ್ಮ ದನಿ ನಡುಗ್ತಿದೆ. ನಡುಗಿದ್ದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಕೇಳಿ," ಎಂದರು. ಹೊರಗೆ ಬೀದಿಯಲ್ಲಿ ಯಾರೋ, "ಬಂದ್ಲು, ಬಂದ್ಲು, ಇನ್ನೊಂದೆರಡು ಮೆಟ್ಲು," ಎಂದರು. ಆ ಅಂಗಡಿಯಲ್ಲಿ ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದು ಏನೆಂದರೆ ಏನೂ ಇಲ್ಲ. ಗಂಡನ ಬೆನ್ನು ಬಂತು. ಅವನು ಅದ್ದಿದ ತುತ್ತು ಬಂತು. ಬೆಳ್ಳುಳ್ಳಿಯ ಘಮ ಬಂತು. ಅವತ್ತು ಅಲ್ಲಿ ನಡೆದದ್ದರಲ್ಲಿ ಯಾರನ್ನೂ ಕೇಳದೆ ನಾನು ಆಣೆ ಮಾಡಿ ಹೇಳಬಲ್ಲದ್ದು ಅದೊಂದೇ. "ವಸುಮತಿಯ ಬಸ್ಸಾರು ಒಂದು ಕೊಡಿ," ಎಂದೆ. ದನಿ ನಡುಗಲಿಲ್ಲ. ಸಾಹೇಬರ ಕಣ್ಣು ಅಟ್ಟದ ಮೂಲೆಗೆ ಹೋಗಿ ನಿಂತಿತು. ಸ್ಟೂಲು ಹಾಕಿಕೊಂಡು ಹತ್ತಿ, ಅವರಪ್ಪನ ಕಾಲದ ಮರದ ಪೆಟ್ಟಿಗೆಯೊಂದನ್ನು ಎಳೆದು, ಎಣ್ಣೆಗೆ ಕಪ್ಪಾದ ಬಟ್ಟೆ ಬಿಚ್ಚಿದರು. "ಅರೆ, ಇಲ್ಲೇ ಇದೆಯಲ್ಲ," ಎಂದರು, ದಿನಾ ನೋಡುತ್ತಿದ್ದವರ ಹಾಗೆ.

ಸಾಕಮ್ಮ ಛತ್ರಿ ಮಡಚುತ್ತಾ, ಏದುಸಿರು ಬಿಡುತ್ತಾ ಒಳಗೆ ಬಂದಾಗ ಆ ತುಂಡು ನನ್ನ ಕೈಯಲ್ಲಿತ್ತು. "ಏನಂತ ಆಯ್ತು?" ಎಂದಳು. "ವಸುಮತಿಯ ಬಸ್ಸಾರು," ಎಂದರು ಸಾಹೇಬರು. "ವಸುಮತಿ ಯಾರು?" "ನಾನು," ಎಂದೆ. ಅವಳು ಸ್ಟೂಲಿನ ಮೇಲೆ ಕುಸಿದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓಹೋ. ನಿಂಗೂ ಒಂದು ಹೆಸರಿದೆಯಾ!" ಆಮೇಲೆ ಮಂಡಿಯನ್ನು ಒತ್ತಿಕೊಳ್ಳುತ್ತಾ, "ಇಷ್ಟು ದೂರ ಇಳಿದು ಬಂದೆ. ಹೋಗ್ಲಿ, ಆ ಬಸ್ಸಾರಿಗೆ ಏನು ಹಾಕಿದ್ದೆ ಹೇಳು," ಎಂದಳು.

ಆ ದಿನವೇ ತೊಟ್ಟಿಲು ಓಡಿತು. ಚೆಲುವರಾಜು ಎದ್ದು ಹೋಗಿ ಹಿಡಿಕೆ ಹಿಡಿದ. ಸಂಜೆ ಮನೆಗೆ ಬಂದವನು ಸಿಟ್ಟಾಗಿದ್ದನೋ ಸಂತೋಷವಾಗಿದ್ದನೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಲ್ಲ. "ಊರೋರೆಲ್ಲ ನನ್ನ ಹೆಂಡ್ತಿ ಸಾರಿನ ಮಾತಾಡ್ತಿದ್ದಾರೆ," ಎಂದ. ಕೈಕಾಲು ತೊಳೆಯುತ್ತಾ, "ನಿದ್ದೆಗಿಂತ ಪರವಾಗಿಲ್ಲ," ಎಂದ. ಮರುವಾರ ನನಗೆ ಹೇಳದೆ ಅಂಗಡಿಗೆ ಹೋಗಿ, ಗಟ್ಟಿಯಾಗಿ ಕೇಳಿ, ಜವರಯ್ಯನ ಸುಳ್ಳು ಒಂದನ್ನು ತಂದು ಟ್ಯಾಂಕಿಗೆ ತಾನೇ ಹಾಕಿದ. ನೀರು ತುಂಬಿ ನಿಂತುಬಿಟ್ಟಾಗ ಹಿತ್ತಲು ಎಷ್ಟು ನಿಶ್ಶಬ್ದವಾಯಿತೆಂದರೆ ಇಬ್ಬರೂ ಹೊರಗೆ ಹೋಗಿ ನೋಡಿದೆವು.

ಸುಲೋಚನಕ್ಕನ ಬಳಿಗೆ ನಾನು ಹೆಮ್ಮೆಯಿಂದಲೇ ಹೋಗಿದ್ದೆ. ನಿಮ್ಮನ್ನು ಉಳಿಸಿದೆ ಎಂದು ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ಅದೇ ಬರೆದಿತ್ತೆಂದು ಕಾಣುತ್ತದೆ. ಅವಳು ಲೋಟವನ್ನು ನನ್ನ ಮುಂದೆ ಕುಕ್ಕಿದಳು. "ಪೆದ್ದಿ," ಎಂದಳು. "ಶುದ್ಧ ಪೆದ್ದಿ ಕಣೇ ನೀನು." ನಾನು ಕಣ್ಣು ಕಣ್ಣು ಬಿಟ್ಟೆ. "ನಾನು ಒಳಗೆ ಕೂತಿದ್ದೆ, ನಾನು ಕೇಳೋ ಹಾಗಿರ್ಲಿಲ್ಲ. ನೀನೊಬ್ಬಳು ಕೇಳ್ತೀಯ ಅಂತ ಬಾಗಿಲ ಕಡೆನೇ ನೋಡ್ತಾ ಕೂತಿದ್ದೆ. ಜೀವಮಾನದಲ್ಲಿ ಒಂದ್ಸಲ ನಾನು ಊರಿಗೆಲ್ಲ ಕೇಳೋ ಹಾಗೆ ನಕ್ಕೆ. ನೀನು ಅಲ್ಲಿ ಹೋಗಿ ಹುರುಳಿಕಾಳು ಹೆಸರು ಹೇಳಿ ಬಂದೆ." ಸೆರಗಿನಿಂದ ಮೂಗೊರೆಸಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು, ಅಥವಾ ಎರಡೂ. "ಆ ಮೇಷ್ಟ್ರು ಅಲ್ಲಿ ಏನು ಹೇಳಿದ್ರು ಗೊತ್ತಾ? ನಿಶ್ಚಿತಾರ್ಥದ ದಿನ ಅವರೂ ಅವರ ಮನೆ ಹಿತ್ತಲ ಗೋಡೆ ಹತ್ತಿ ಕೂತಿದ್ರಂತೆ. ಒಂದು ಕಾಲು ಆಚೆ, ಒಂದು ಕಾಲು ಈಚೆ. ಧುಮುಕೋದೊಂದು ಬಾಕಿ. ಅಷ್ಟರಲ್ಲಿ ಹುಡುಗಿ ಓಡಿಹೋದ್ಲು ಅಂತ ಕೂಗು ಬಂತಂತೆ. ಮೆಲ್ಲಗೆ ಇಳಿದು ಬಂದು ತಲೆ ಮೇಲೆ ಕೈ ಹೊತ್ಕೊಂಡು ಕೂತ್ರಂತೆ. ಊರೆಲ್ಲ ಅಯ್ಯೋ ಪಾಪ ಅಂತು. ಇಷ್ಟು ವರ್ಷ ಅಂತಾನೇ ಇದೆ." ಲೋಟವನ್ನು ನನ್ನ ಕಡೆ ತಳ್ಳಿದಳು. "ಒಂದು ಪೆಡಲ್ ಹೆಚ್ಚು ತುಳಿದಿದ್ದಕ್ಕೆ ನಾನು ಅಂಗಡಿ ಸೇರಿದೆ ಕಣೇ. ಆ ಗೋಡೆ ಒಂದು ಇಟ್ಟಿಗೆ ಗಿಡ್ಡ ಇದ್ದಿದ್ರೆ ಅವರು ಸೇರ್ತಿದ್ರು."

"ಊರಿಗೆ ಹೇಳ್ಬಿಡಿ ಅಕ್ಕ," ಎಂದೆ. "ಹೇಳಲ್ಲ. ಅದು ಅವರದ್ದು. ನಗು ನನ್ನದು, ಅದನ್ನಷ್ಟೇ ನಾನು ಕೇಳಿದ್ದು," ಎಂದಳು. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ, ಯಾರಿಗೆ ಮಾಡಿದೆನೋ, ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಆ ಕಬ್ಬಿಣದ ತುಂಡು ಈಗ ಆಗಾಗ ಸವೆಯುತ್ತದೆ. ಹಳೆಯದು ಅಷ್ಟು ವರ್ಷ ಬಾಳಿದ್ದೇ ವಿಚಿತ್ರ. ಚೆಲುವರಾಜುವಿನ ಕೈಕೆಳಗಿನವರು ಅಂಗಡಿಗೆ ಹೋಗಿ ನನ್ನ ಸಾರು ಕೇಳುತ್ತಾರೆ. ಬೀದಿಯಲ್ಲಿ ಜನ ನನ್ನನ್ನು ಚೆಲುವನ ಹೆಂಡತಿ ಎನ್ನುವುದಿಲ್ಲ. ವಸುಮತಿ ಎಂದು ಕರೆದು, ಬಸ್ಸಾರಿಗೆ ಉಪ್ಪು ಸಾಕಾಗಿತ್ತೇನೆ ಎನ್ನುತ್ತಾರೆ. ನಾನೂ ನಗುತ್ತೇನೆ. ಅದಾದ ಮೇಲೆ ಮನೆಯಲ್ಲಿ ಬಸ್ಸಾರು ಮಾಡಿಲ್ಲ.

ಹೋದ ತಿಂಗಳು ಸುಲೋಚನಕ್ಕ ಪಟ್ಟಣದಿಂದ ಕಾಫಿಬೀಜ ಪುಡಿಮಾಡುವ ಹೊಸ ಕೈಮಿಷನ್ನು ತರಿಸಿದಳು. ಊರಿಗೇ ಅಂಥದ್ದು ಮೊದಲನೆಯದು, ಒಳಗಿರುವ ಒಂದಕ್ಕೂ ಹೆಸರಿಲ್ಲ. ಸಾಹೇಬರ ಅಟ್ಟದಲ್ಲಿ ಅದರ ಬಿಡಿಭಾಗಗಳ ಪೆಟ್ಟಿಗೆಯೂ ಬಂದು ಕೂತಿದೆ, ಅವರ ಕಣ್ಣಿಗೆ ಇನ್ನೂ ಕಂಡಿಲ್ಲ. ಮಧ್ಯಾಹ್ನ ಕ್ಲಬ್ಬು ಖಾಲಿಯಾದ ಮೇಲೆ ನಾನು ಹೋಗುತ್ತೇನೆ. ಅವಳು ಮಿಷನ್ನಿನ ಮುಂದೆ ಕೂತು, ಬೇಕಾದದ್ದಕ್ಕಿಂತ ಹೆಚ್ಚು ಬೀಜ ಸುರಿದು, ಬೇಕಾದದ್ದಕ್ಕಿಂತ ಹೆಚ್ಚು ಬಲದಿಂದ ತಿರುಗಿಸುತ್ತಾಳೆ. ನಾನು ಕೈ ಹಿಂದೆ ಕಟ್ಟಿಕೊಂಡು, ಸೆರಗು ಕೂಡ ಮಿಷನ್ನಿಗೆ ಸೋಕದಷ್ಟು ದೂರ ನಿಂತು, ಅವಳನ್ನು ನಗಿಸಲು ನೋಡುತ್ತೇನೆ. ತಾಯಮ್ಮನ ಹಾಗೆ ಮುಖ ಮಾಡುತ್ತೇನೆ. ಸಾಕಮ್ಮನ ಹಾಗೆ ಮೆಟ್ಟಿಲಿಳಿಯುತ್ತೇನೆ. ಒಂದು ಕಾಲು ಬೆಂಚಿನ ಆಚೆ, ಒಂದು ಕಾಲು ಈಚೆ ಹಾಕಿ, ಮೇಷ್ಟ್ರ ಹಾಗೆ ತಲೆಯ ಮೇಲೆ ಕೈ ಹೊತ್ತು ಕೂರುತ್ತೇನೆ. ಅದಕ್ಕೆ ಅವಳು ಎಂದೂ ತಡೆದುಕೊಳ್ಳಲಾರಳು. ನಗುತ್ತಾ, ಕಣ್ಣೀರು ಸುರಿಸುತ್ತಾ, ಹಿಡಿಕೆಯನ್ನು ಬಿಡದೆ ತಿರುಗಿಸುತ್ತಾಳೆ. ನಿನ್ನೆ ಒಳಗೆಲ್ಲೋ ಕಿರ್ರೆಂದಿತು. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ಏನೂ ಬೀಳಲಿಲ್ಲ. "ನಾಳೆ ಸ್ವಲ್ಪ ಬೇಗ ಬಾ," ಎಂದಳು ಸುಲೋಚನಕ್ಕ.